ಇಪ್ಪತ್ತು ವರ್ಷದ ಸರ್ವೀಸು, ಅನುಭವ ಎಷ್ಟು?

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ)

ಕೆಲಸಕ್ಕೆ ಅರ್ಜಿ ಹಾಕುವಾಗ ನೀವೆಲ್ಲ ನೋಡಿರುತ್ತೀರಿ, ‘ಕನಿಷ್ಠ 3 ವರ್ಷ ಅನುಭವ ಇರಬೇಕು’ ಅಂತ. ಅವರು ಅಳೆಯುತ್ತಿರುವುದು ಕ್ಯಾಲೆಂಡರನ್ನು. ಬೇರೆ ಅಳತೆಗೋಲು ಅವರ ಹತ್ತಿರ ಇಲ್ಲ, ಪಾಪ. ನಾವೂ ಅದನ್ನೇ ಮಾಡುತ್ತೇವೆ. ‘ಅವರು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದಾರೆ’ ಅಂದುಬಿಟ್ಟರೆ ಮುಗಿಯಿತು, ಮುಂದೆ ಮಾತಿಲ್ಲ.

ಇವತ್ತು ನನ್ನ ಮಾತು ಆ ಮೂವತ್ತು ವರ್ಷದ ಬಗ್ಗೆ. ಅಷ್ಟು ಕಾಲ ಒಂದೇ ಕೆಲಸ ಮಾಡಿದವರಲ್ಲಿ ಕೆಲವರು ಚೆನ್ನಾಗಿ ಪಳಗಿರುತ್ತಾರೆ. ಇನ್ನು ಕೆಲವರು ಮೊದಲ ವರ್ಷ ಎಲ್ಲಿದ್ದರೋ ಅಲ್ಲೇ ಇರುತ್ತಾರೆ, ಧೈರ್ಯ ಮಾತ್ರ ಜಾಸ್ತಿ ಆಗಿರುತ್ತದೆ. ಇಬ್ಬರೂ ಸೋಮಾರಿಗಳಲ್ಲ, ಇಬ್ಬರಿಗೂ ಬುದ್ಧಿ ಇದೆ. ಆದರೂ ಯಾಕೆ ಹೀಗಾಗುತ್ತದೆ? ನಾನು ಕೃಷಿ ಕೆಲಸದ ಮೇಲೆ ಹಳ್ಳಿ ಹಳ್ಳಿ ಸುತ್ತಿದವನು. ಹಾಗಾಗಿ ನನ್ನ ಉದಾಹರಣೆಗಳಲ್ಲಿ ಸ್ವಲ್ಪ ಮಣ್ಣು, ಧೂಳು ಜಾಸ್ತಿ ಇರುತ್ತದೆ.

ಮೊದಲು ನಮ್ಮ ಮಂಡಕ್ಕಿ ಭಟ್ಟಿಗೇ ಹೋಗೋಣ. ಮಿರ್ಚಿ ಮಂಡಕ್ಕಿ ತಿನ್ನದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಭಟ್ಟಿ ಒಳಗೆ ಹೋಗಿ ನಿಂತು ನೋಡಿದವರು ಕಡಿಮೆ. ಒಳಗೆ ಆ ಬಿಸಿಯಲ್ಲಿ, ಆ ಹೊಗೆಯಲ್ಲಿ ನಿಲ್ಲುವುದೇ ಕಷ್ಟ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕುತ್ತಾರೆ. ಕಾಳಿನ ಒಳಗಿರುವ ತೇವ ಒಮ್ಮೆಲೇ ಆವಿಯಾಗುತ್ತದೆ, ಕಾಳು ಅರಳುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡಿನ ಆಟ. ಮರಳು ಸಾಕಷ್ಟು ಕಾದಿಲ್ಲ ಅಂದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ. ಜಾಸ್ತಿ ಕಾದರೆ ಕರಕಲಾಗುತ್ತದೆ. ಅಕ್ಕಿಯ ತೇವ ಹೆಚ್ಚುಕಮ್ಮಿ ಆದರೂ ಕೆಡುತ್ತದೆ. ಹುರಿದವನು ಅಲ್ಲೇ ನಿಂತು ನೋಡುತ್ತಾನೆ. ಯಾರೂ ಬಂದು ‘ತಪ್ಪಾಯ್ತು ಕಣೋ’ ಅನ್ನಬೇಕಿಲ್ಲ, ಜರಡಿಯೇ ಹೇಳುತ್ತದೆ. ಬೆಳಗಿನಿಂದ ಸಂಜೆಯ ತನಕ ಹೇಳುತ್ತಲೇ ಇರುತ್ತದೆ. ಇಂಥ ಕಡೆ ಒಬ್ಬ ಹುಡುಗ ಎರಡು ವರ್ಷ ನಿಂತರೆ ಕಲಿಯದೆ ಇರುವುದೇ ಕಷ್ಟ.

ಈಗ ಚಿತ್ರದುರ್ಗದ ಕಡೆ ಹೋಗಿ. ಅಲ್ಲಿ ಇನ್ನೊಂದು ಥರದ ಅನುಭವಿಗಳು ಸಿಗುತ್ತಾರೆ. ಬೋರ್‌ವೆಲ್ ಪಾಯಿಂಟ್ ತೋರಿಸುವವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಗುರುತು ಮಾಡುತ್ತಾರೆ. ಕೆಲವರು ಕವಲು ಕಡ್ಡಿ ಹಿಡಿಯುತ್ತಾರೆ. ಸುತ್ತ ಹತ್ತು ಹಳ್ಳಿಯಲ್ಲಿ ಹೆಸರು ಮಾಡಿರುತ್ತಾರೆ, ಅವರ ಪಾಯಿಂಟ್‌ಗೆ ರೈತರು ಸಾಲ ಮಾಡಿ ರಿಗ್ ತರಿಸುತ್ತಾರೆ. ನೀರು ಬಿತ್ತು ಅಂದರೆ ಶಾಲು, ಹಾರ, ಕಾಣಿಕೆ. ನೀರು ಬೀಳದೆ ಬರೀ ಧೂಳು ಹಾರಿತು ಅನ್ನಿ. ಆಗ ಏನು ಕೇಳಿಬರುತ್ತದೆ? ‘ಇನ್ನೊಂದು ಐವತ್ತು ಅಡಿ ಹೋಗಬೇಕಿತ್ತು.’ ‘ರಿಗ್‌ನವನು ಗೂಟದ ಮೇಲೆ ಸರಿಯಾಗಿ ನಿಲ್ಲಿಸಲಿಲ್ಲ.’ ಕೊನೆಗೆ, ‘ನಿಮ್ಮ ನಸೀಬು.’

ನೋಡಿ, ಉತ್ತರ ಇಲ್ಲಿಯೂ ಬರುತ್ತದೆ. ನೀರು ಬಿತ್ತೋ ಇಲ್ಲವೋ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆದರೆ ಆ ಉತ್ತರ ಪಾಯಿಂಟ್ ತೋರಿಸಿದವರ ಲೆಕ್ಕಕ್ಕೆ ಹೋಗುವುದಿಲ್ಲ. ಗೆದ್ದದ್ದು ಇವರ ಖಾತೆಗೆ, ಸೋತದ್ದು ರೈತನ ಹಣೆಬರಹದ ಖಾತೆಗೆ. ಹೀಗೆ ಲೆಕ್ಕ ಬರೆದರೆ ಮೂವತ್ತು ವರ್ಷ ಆದ ಮೇಲೆ ಮನುಷ್ಯನಿಗೆ ತನ್ನ ಕೈಮೇಲೆ ಎಂಥ ನಂಬಿಕೆ ಬಂದಿರಬೇಡ! ಅವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹಳ ಜನ ಮನಸಾರೆ ನಂಬಿಯೇ ಮಾಡುತ್ತಾರೆ. ಅದೇ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1990ರಲ್ಲಿ ಜರ್ಮನಿಯ ಕಾಸೆಲ್ ಎಂಬಲ್ಲಿ ನೆಲದ ಅಡಿಯಲ್ಲಿ ಒಂದು ಪೈಪ್ ಹಾಕಿ, ಕಡ್ಡಿ ಹಿಡಿಯುವವರನ್ನು ಕರೆಸಿದರು. ಪೈಪ್ ಎಲ್ಲಿದೆ ಅಂತ ಮೊದಲೇ ತೋರಿಸಿದ್ದರು. ಅದರಲ್ಲಿ ಈಗ ನೀರು ಹರಿಯುತ್ತಿದೆಯೋ ಇಲ್ಲವೋ, ಇಷ್ಟು ಹೇಳಬೇಕು. ಎಲ್ಲರೂ ವಿಶ್ವಾಸದಿಂದ ಬಂದರು. ಕೊನೆಗೆ ಲೆಕ್ಕ ಹಾಕಿದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು.

ಅಂದ ಮಾತ್ರಕ್ಕೆ ಯಂತ್ರ ತಂದು ಅಳೆಯುವ ಭೂವಿಜ್ಞಾನಿಗಳ ಪಾಯಿಂಟ್ ಎಲ್ಲ ಸರಿ ಹೋಗುತ್ತದೆ ಅಂತಲ್ಲ. ನಮ್ಮ ಕಡೆ ನೀರಿರುವುದು ಗಟ್ಟಿ ಕಲ್ಲಿನ ಸೀಳುಗಳಲ್ಲಿ, ಅದನ್ನು ಮೇಲಿನಿಂದ ಹಿಡಿಯುವುದು ಯಾರಿಗೂ ಸುಲಭ ಅಲ್ಲ. ಆದರೆ ಅವರಲ್ಲಿ ಒಳ್ಳೆಯವರು ಬೋರ್ ಕೊರೆದ ಮೇಲೆ ವಾಪಸ್ ಬಂದು, ಎಷ್ಟು ಅಡಿಗೆ ಯಾವ ಕಲ್ಲು ಬಂತು, ಎಲ್ಲಿ ತೇವ ಸಿಕ್ಕಿತು ಅಂತ ಬರೆದುಕೊಂಡು ಹೋಗುತ್ತಾರೆ. ನಾನು ನೋಡುವುದು ಆ ಬರೆದುಕೊಳ್ಳುವ ಪುಸ್ತಕವನ್ನು.

ಮನಶ್ಶಾಸ್ತ್ರದಲ್ಲಿ ಇದರ ಬಗ್ಗೆ ಒಂದು ಸ್ವಾರಸ್ಯದ ಜಗಳ ಇತ್ತು. ಗ್ಯಾರಿ ಕ್ಲೈನ್ ಅಂತ ಒಬ್ಬರು. ಅಗ್ನಿಶಾಮಕ ದಳದವರ ಜೊತೆ ಕೂತು, ಅವರ ಅನುಭವದ ತೀರ್ಮಾನಗಳನ್ನು ಕಂಡು ಬೆರಗಾದವರು. ಇನ್ನೊಬ್ಬರು ಡೇನಿಯಲ್ ಕಾನ್‌ಮನ್, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರಿಗೆ ತಜ್ಞರ ಮೇಲೆ ದೊಡ್ಡ ಅನುಮಾನ. ಇಬ್ಬರೂ ಜಗಳ ಆಡುವ ಬದಲು ಜೊತೆಗೆ ಕೂತು 2009ರಲ್ಲಿ ಒಂದು ಲೇಖನ ಬರೆದರು. ಒಪ್ಪಿಕೊಂಡದ್ದು ಎರಡು ಮಾತಿಗೆ. ಕೆಲಸದಲ್ಲಿ ಹಿಡಿಯಬಹುದಾದ ಒಂದು ಕ್ರಮ ಇರಬೇಕು. ಮತ್ತೆ, ಮಾಡಿದ ತೀರ್ಮಾನ ಸರಿಯೋ ತಪ್ಪೋ ಅಂತ ಮಾಡಿದವನಿಗೆ ಮತ್ತೆ ಮತ್ತೆ ತಿಳಿಯಬೇಕು. ಈ ಎರಡೂ ಇದ್ದ ಕಡೆ ಒಳಮನಸ್ಸಿನ ಮಾತು ನಂಬಬಹುದು. ಇಲ್ಲದ ಕಡೆ, ಹೇಳುವವರ ದನಿ ಎಷ್ಟೇ ಗಟ್ಟಿಯಾಗಿದ್ದರೂ ಹುಷಾರಾಗಿರಬೇಕು.

ಉತ್ತರ ತಡವಾಗಿ ಬರುವ ಕೆಲಸಗಳೂ ಇವೆಯಲ್ಲ, ಅಲ್ಲಿ ಏನು ಮಾಡುವುದು? ಇದಕ್ಕೆ ಚನ್ನಗಿರಿಯ ಅಡಿಕೆ ಚೇಣಿದಾರರನ್ನು ನೋಡಬೇಕು. ಚೇಣಿ ಗೊತ್ತಿಲ್ಲದವರಿಗೆ ಎರಡು ಮಾತು: ಫಸಲು ಇನ್ನೂ ಮರದಲ್ಲಿರುವಾಗಲೇ ತೋಟ ನೋಡಿ ವ್ಯಾಪಾರ ಮುಗಿಸುವುದು. ಕೆಲವರು ಹಸಿ ಅಡಿಕೆ ತೂಕದ ಮೇಲೆ ಮಾಡಿಕೊಳ್ಳುತ್ತಾರೆ. ಕೆಲವರು ಇಡೀ ತೋಟಕ್ಕೆ ಇಷ್ಟು ಅಂತ ಒಂದೇ ಮೊತ್ತ ಹೇಳಿಬಿಡುತ್ತಾರೆ. ಎರಡನೆಯದು ಎದೆಗಾರಿಕೆಯ ಕೆಲಸ. ಮರಕ್ಕೆ ಎಷ್ಟು ಗೊನೆ, ಗೊನೆಯಲ್ಲಿ ಕಾಯಿ ಎಷ್ಟು ದಟ್ಟವಾಗಿದೆ, ಹರಳು, ಅಂದರೆ ಎಳೆಗಾಯಿ, ಎಷ್ಟು ಉದುರಿದೆ, ಮಳೆ ಹೀಗೇ ಹಿಡಿದರೆ ಕೊಳೆ ರೋಗ ಬರುತ್ತದಾ, ಎಲ್ಲ ಕತ್ತೆತ್ತಿ ನೋಡುತ್ತಲೇ ಲೆಕ್ಕ ಆಗಬೇಕು. ಅದರ ಮೇಲೆ, ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವುದು ಹತ್ತಿರ ಹತ್ತಿರ 12-13 ಕೆ.ಜಿ. ಅಲ್ಲಿ ಒಂದು ಕೆ.ಜಿ. ಲೆಕ್ಕ ತಪ್ಪಿದರೂ ಲಾಭ ಅಲ್ಲೇ ಕರಗಿತು.

ಚೇಣಿದಾರನ ಲೆಕ್ಕಕ್ಕೆ ಉತ್ತರ ಬರುವುದು ತಿಂಗಳುಗಳ ನಂತರ, ಕೊಯ್ಲು ಮುಗಿದು ತಕ್ಕಡಿಗೆ ಬಿದ್ದಾಗ. ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಾಕೆಂದರೆ ಮೊತ್ತ ಮೊದಲೇ ಹೇಳಿಯಾಗಿದೆ, ದುಡ್ಡೂ ಕೊಟ್ಟಾಗಿದೆ. ‘ನಾನು ಆಗಲೇ ಅಂದ್ಕೊಂಡಿದ್ದೆ’ ಅಂತ ಆಮೇಲೆ ಹೇಳಿದರೆ ಯಾರು ಕೇಳುತ್ತಾರೆ?

ಇವರ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ರೀತಿ ನನಗೆ ಬಹಳ ಹಿಡಿಸುತ್ತದೆ. ಅಪ್ಪ ಮುಂದೆ, ಮಗ ಹಿಂದೆ. ತೋಟ ಒಂದು ಸುತ್ತು ಹಾಕಿ ಬದುವಿಗೆ ಬಂದ ಮೇಲೆ ಅಪ್ಪ ತನ್ನ ಲೆಕ್ಕ ಹೇಳುವುದಿಲ್ಲ. ‘ಮೊದಲು ನೀನು ಹೇಳು, ಎಷ್ಟು ಕ್ವಿಂಟಲ್ ಆಗುತ್ತೆ?’ ಅನ್ನುತ್ತಾನೆ. ಹುಡುಗ ಏನೋ ಒಂದು ಹೇಳುತ್ತಾನೆ. ಅಪ್ಪ ನಗುತ್ತಾನೆ ಅಷ್ಟೇ. ಕೊಯ್ಲಿನ ದಿನ ಇಬ್ಬರ ಲೆಕ್ಕವೂ ತಕ್ಕಡಿಯ ಮುಂದೆ ಬರುತ್ತದೆ. ಹುಡುಗ ಸುಮ್ನೆ ಅಪ್ಪನ ಹಿಂದೆ ನಡೆದು, ಅಪ್ಪನ ಅಂಕಿಗೆ ತಲೆ ಆಡಿಸುತ್ತಿದ್ದರೆ ಅವನು ಕಲಿಯುತ್ತಿದ್ದದ್ದು ನಡೆಯುವುದನ್ನು ಮಾತ್ರ. ಇಲ್ಲಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಅಪ್ರೆಂಟಿಸ್ ಆಗಿ ಎಲ್ಲಿ ಸೇರಿದರೂ ಇದನ್ನು ಮಾಡಿ. ಮೇಸ್ತ್ರಿ ಬಂದು ನೋಡುವ ಮೊದಲು ನಿಮ್ಮ ತೀರ್ಮಾನವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ, ಮನಸ್ಸು ಆಮೇಲೆ ತಿದ್ದಿಬಿಡುತ್ತದೆ.

‘ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾವುದರಲ್ಲಾದರೂ ಪಳಗಬಹುದು’ ಅಂತ ಒಂದು ಮಾತು ನೀವು ಕೇಳಿರಬಹುದು. ವಾಟ್ಸಾಪ್‌ನಲ್ಲಿ ಅಂತೂ ಬಂದೇ ಇರುತ್ತದೆ. ಅದರ ಮೂಲ 1993ರ ಒಂದು ಅಧ್ಯಯನ, ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರದ್ದು. ಬರ್ಲಿನ್‌ನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳಲ್ಲಿ ತುಂಬಾ ಚೆನ್ನಾಗಿ ನುಡಿಸುವವರು 20ನೇ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಸರಾಸರಿ ಅಂದರೆ ಕೆಲವರದು ಅದಕ್ಕಿಂತ ಕಡಿಮೆಯೂ ಇತ್ತು. ಆ ಅಂಕಿಯಲ್ಲಿ ಮಾಯೆ ಏನೂ ಇಲ್ಲ ಅಂತ ಎರಿಕ್ಸನ್ ತಾವೇ ಆಮೇಲೆ ಹೇಳಿದರು. ಅವರ ಗಮನ ಇದ್ದದ್ದು ಎಂಥ ಅಭ್ಯಾಸ ಅನ್ನುವುದರ ಮೇಲೆ. ಬರುವುದನ್ನೇ ನುಡಿಸುತ್ತಾ ಕೂರುವುದಲ್ಲ, ಬಾರದ ಜಾಗವನ್ನು ಹುಡುಕಿ ಅಲ್ಲೇ ಗುದ್ದಾಡುವುದು. ಜನ ಗಂಟೆ ಹಿಡಿದುಕೊಂಡರು, ಗುದ್ದಾಟ ಬಿಟ್ಟರು.

ಸರಿ, ಹೀಗೆ ಪಳಗಿದವನ ಒಳಗೆ ಏನು ಬದಲಾಗಿರುತ್ತದೆ? ಗ್ಯಾರಿ ಕ್ಲೈನ್ ಹೇಳಿದ ಒಂದು ಪ್ರಸಂಗ ಇದೆ. ಒಂದು ಮನೆಯ ಹಿಂಭಾಗದಲ್ಲಿ, ಅಡುಗೆಮನೆಯ ಕಡೆ ಬೆಂಕಿ. ಅಗ್ನಿಶಾಮಕ ತಂಡ ಒಳಗೆ ಹೋಗಿ ನೀರು ಹೊಡೆಯಿತು. ಬೆಂಕಿ ಜಗ್ಗಲಿಲ್ಲ. ಮತ್ತೆ ಹೊಡೆದರು, ಅಷ್ಟೇ. ತಂಡದ ಮುಖ್ಯಸ್ಥನಿಗೆ ಏನೋ ಸರಿ ಇಲ್ಲ ಅನ್ನಿಸಿತು. ಎಲ್ಲರೂ ಹೊರಗೆ ಬನ್ನಿ ಅಂದ. ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ನೆಲವೇ ಕುಸಿಯಿತು. ನಿಜವಾದ ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಮನೆಗೆ ನೆಲಮಾಳಿಗೆ ಇದೆ ಅಂತಲೇ ಆತನಿಗೆ ಗೊತ್ತಿರಲಿಲ್ಲ. ನನಗೆ ಏನೋ ಅತೀಂದ್ರಿಯ ಶಕ್ತಿ ಇದೆ ಅಂತಲೇ ಅವನು ನಂಬಿದ್ದ.

ಕ್ಲೈನ್ ಕೂತು ಒಂದೊಂದೇ ಪ್ರಶ್ನೆ ಕೇಳಿದಾಗ ವಿಷಯ ಹೊರಗೆ ಬಂತು. ಅಷ್ಟು ಸಣ್ಣ ಬೆಂಕಿಗೆ ಕೋಣೆ ಅಷ್ಟು ಬಿಸಿ ಇರಬಾರದಿತ್ತು. ಅಷ್ಟು ಬಿಸಿ ಇರುವ ಬೆಂಕಿ ಅಷ್ಟು ಸದ್ದಿಲ್ಲದೆ ಇರಬಾರದಿತ್ತು. ನೀರಿಗೆ ಬಗ್ಗಬೇಕಿತ್ತು, ಬಗ್ಗಲಿಲ್ಲ. ಹೊಸಬನ ಕಣ್ಣಿಗೆ ಬಿದ್ದದ್ದು ಬೆಂಕಿ. ಈತನಿಗೆ ಕಂಡದ್ದು, ಬೆಂಕಿ ಬೆಂಕಿಯ ಹಾಗೆ ನಡೆದುಕೊಳ್ಳುತ್ತಿಲ್ಲ ಅನ್ನುವುದು. ನೂರಾರು ಬೆಂಕಿ ನೋಡಿದ್ದಕ್ಕೆ ಸಿಕ್ಕ ಲಾಭ ಅದು. ಹೀಗೆ ಆಗಬೇಕಿತ್ತು, ಆಗಲಿಲ್ಲವಲ್ಲ ಅಂತ ತಟ್ಟನೆ ಚುಚ್ಚುತ್ತದೆ. ಕಾರಣ ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ನಮ್ಮ ಭಟ್ಟಿಯವರನ್ನೂ ‘ಮರಳು ಕಾದದ್ದು ಹೇಗೆ ಗೊತ್ತಾಗುತ್ತೆ?’ ಅಂತ ಕೇಳಿ ನೋಡಿ. ‘ಗೊತ್ತಾಗುತ್ತೆ ಸಾರ್’ ಅನ್ನುತ್ತಾರೆ. ಸೊಕ್ಕಿಗೆ ಹೇಳುವ ಮಾತಲ್ಲ ಅದು, ನಿಜವಾಗಿಯೂ ಹೇಳಲು ಬರುವುದಿಲ್ಲ. ಹಿರಿಯರಿಂದ ಕಲಿಯಬೇಕು ಅನ್ನುವವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕು. ‘ಹೇಗೆ ಮಾಡ್ತೀರಿ’ ಅಂತ ಕೇಳಬೇಡಿ. ‘ಹೋದ ಮಳೆಗಾಲದಲ್ಲಿ ಅರಳದೆ ಕೈಕೊಟ್ಟ ದಿನ ಏನಾಯ್ತು?’ ಅಂತ ಕೇಳಿ. ಆಗ ಬಾಯಿ ಬಿಚ್ಚುತ್ತಾರೆ. ಅಕ್ಕಿ ಥಂಡಿ ಹಿಡಿದಿತ್ತು, ಕೈಯಲ್ಲಿ ತಿಕ್ಕಿದರೆ ಗೊತ್ತಾಯಿತು, ಮತ್ತೆ ಹರವಿ ಒಣಗಿಸಿದೆವು ಅಂತ ಒಂದೊಂದೇ ಹೊರಗೆ ಬರುತ್ತದೆ. ಕೆಟ್ಟ ದಿನದ ಕಥೆಯಲ್ಲಿ ಕಲಿಯುವುದು ಜಾಸ್ತಿ ಇರುತ್ತದೆ.

ಚದುರಂಗದಲ್ಲಿ ಇದನ್ನು ಅಳೆದೂ ನೋಡಿದ್ದಾರೆ. 1973ರಲ್ಲಿ ವಿಲಿಯಂ ಚೇಸ್, ಹರ್ಬರ್ಟ್ ಸೈಮನ್ ಇಬ್ಬರು ಮಾಡಿದ ಪ್ರಯೋಗ. ನಿಜವಾದ ಆಟದ ನಡುವಿನ ಒಂದು ಹಲಗೆಯನ್ನು 5 ಸೆಕೆಂಡು ತೋರಿಸಿ ಮುಚ್ಚಿದರೆ, ದೊಡ್ಡ ಆಟಗಾರ ಬಹುಪಾಲು ಕಾಯಿಗಳನ್ನು ಹಾಗೇ ಜೋಡಿಸಿಬಿಡುತ್ತಾನೆ. ಹೊಸಬನಿಗೆ ನಾಲ್ಕು ಕಾಯಿ ನೆನಪಿದ್ದರೆ ಹೆಚ್ಚು. ಆದರೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರೆ? ದೊಡ್ಡ ಆಟಗಾರನೂ ಹೊಸಬನ ಸಾಲಿಗೇ ಬಂದ. ಅವನದು ಒಳ್ಳೆಯ ಜ್ಞಾಪಕಶಕ್ತಿ ಅಲ್ಲ, ಆಟದ ಜ್ಞಾಪಕ. ಆಟ ಇಲ್ಲದ ಕಡೆ ಅದು ಕೆಲಸಕ್ಕೆ ಬರುವುದಿಲ್ಲ. ಒಂದು ವಿಷಯದಲ್ಲಿ ದೊಡ್ಡವರಾದವರು ಟಿ.ವಿ.ಯಲ್ಲಿ ಕೂತು ಎಲ್ಲ ವಿಷಯಕ್ಕೂ ತೀರ್ಪು ಕೊಡುವಾಗ ನನಗೆ ಈ ಅಡ್ಡಾದಿಡ್ಡಿ ಹಲಗೆ ನೆನಪಾಗುತ್ತದೆ.

ಆಟದ ನಿಯಮವೇ ಬದಲಾದರೆ? 2018ರಲ್ಲಿ ನಮ್ಮ ಜಿಲ್ಲೆಗೆ ಆದದ್ದು ಅದೇ. ದಾವಣಗೆರೆ ಮೆಕ್ಕೆಜೋಳದ ಸೀಮೆ. ಬಿತ್ತು, ಕಳೆ ತೆಗಿ, ಗೊಬ್ಬರ ಹಾಕು, ಮುರಿ. ಹುಳದ ಕಾಟ ಅಷ್ಟಾಗಿ ಇರಲಿಲ್ಲ. ‘ಮೆಕ್ಕೆಜೋಳಕ್ಕೆ ಯಾರು ಔಷಧಿ ಹೊಡೀತಾರೆ’ ಅನ್ನುವುದು ಅನುಭವಸ್ಥರ ಮಾತಾಗಿತ್ತು, ಅದು ಸರಿಯಾಗಿಯೂ ಇತ್ತು. ಆ ವರ್ಷ ಫಾಲ್ ಸೈನಿಕ ಹುಳು ಬಂತು. ಅಮೆರಿಕ ಖಂಡದ ಹುಳು, ಆಫ್ರಿಕಕ್ಕೆ ದಾಟಿ, ಭಾರತದಲ್ಲಿ ಮೊದಲು ಗುರುತಿಗೆ ಸಿಕ್ಕಿದ್ದು ಪಕ್ಕದ ಶಿವಮೊಗ್ಗದಲ್ಲೇ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂತೆ ಗುರುತು, ಹಿಂಭಾಗದಲ್ಲಿ ಚೌಕಾಕಾರಕ್ಕೆ ನಾಲ್ಕು ಚುಕ್ಕೆ. ಅದು ಸುಳಿಯೊಳಗೆ ಕೂತು, ತನ್ನ ಲದ್ದಿಯನ್ನೇ ಮೇಲೆ ಮುಚ್ಚಿಕೊಂಡು ತಿನ್ನುತ್ತದೆ. ಎಲೆಯ ಮೇಲೆ ಔಷಧಿ ಹೊಡೆದು ಹೋದರೆ ಅದಕ್ಕೆ ತಾಗುವುದೇ ಇಲ್ಲ. ಸುಳಿಗೇ ಬೀಳಬೇಕು, ಅದೂ ಮರಿ ಇರುವಾಗ, ಬಿಸಿಲು ಇಲ್ಲದ ಹೊತ್ತಿನಲ್ಲಿ. ಹುಳು ಬಲಿತ ಮೇಲೆ ತೌಡು, ಬೆಲ್ಲ ಕಲಸಿ ವಿಷದ ತಿಂಡಿ ಮಾಡಿ ಸುಳಿಗೆ ಹಾಕಬೇಕಾಯಿತು.

ಮೆಕ್ಕೆಜೋಳದಲ್ಲೇ ಕೂದಲು ಬೆಳ್ಳಗಾದವರು ಎಷ್ಟೋ ಜನ ಆ ವರ್ಷ ತಡ ಮಾಡಿದರು. ಹುಳ ತಾನೇ, ಹೋಗುತ್ತದೆ ಬಿಡು ಅಂದರು. ನಾನು ಕಂಡಂತೆ ಬೇಗ ಎಚ್ಚೆತ್ತವರು ಯಾರು ಗೊತ್ತಾ? ಹಿಂದೆ ಹತ್ತಿ ಬೆಳೆದಿದ್ದವರು. ಈ ಊರು ಹತ್ತಿ ಗಿರಣಿಗಳ ಊರಾಗಿತ್ತಲ್ಲ, ಸುತ್ತಲ ಹೊಲಗಳಲ್ಲಿ ಹತ್ತಿ ಇತ್ತು. ಹತ್ತಿಯ ಕಾಯಿಕೊರಕ ಹುಳದ ಜೊತೆ ಬಡಿದಾಡಿದವರಿಗೆ ದಿನ ಬೆಳಗಾದರೆ ಹೊಲಕ್ಕೆ ಹೋಗಿ ಗಿಡ ಬಗ್ಗಿಸಿ ನೋಡುವ ಚಟ ಉಳಿದಿತ್ತು. ಹತ್ತಿಯ ಬಗ್ಗೆ ತಿಳಿದದ್ದು ಯಾವುದೂ ಅವರಿಗೆ ಇಲ್ಲಿ ನೆರವಾಗಲಿಲ್ಲ. ಆ ಚಟ ನೆರವಾಯಿತು.

ವೈದ್ಯರ ಬಗ್ಗೆಯೂ ಇಂಥದ್ದೇ ಒಂದು ಲೆಕ್ಕ ಇದೆ. ಹಾರ್ವರ್ಡ್‌ನ ಸಂಶೋಧಕರು 2005ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರ್ವೀಸು ಹೆಚ್ಚಾದಂತೆ ಚಿಕಿತ್ಸೆಯ ಗುಣಮಟ್ಟ ಏರುತ್ತದೆ ಅಂತ ನೀವು ಅಂದುಕೊಳ್ಳಬಹುದು. ಅರ್ಧಕ್ಕಿಂತ ಜಾಸ್ತಿ ಅಧ್ಯಯನಗಳಲ್ಲಿ ಅದು ಇಳಿದಿತ್ತು. ಹೊಸ ಔಷಧಿ, ಹೊಸ ಪದ್ಧತಿ ಬಂದಿರುತ್ತದೆ, ಕೈ ಹಳೆಯದನ್ನೇ ಬರೆಯುತ್ತಿರುತ್ತದೆ. ಹಾಗಂತ ನಾಳೆಯೇ ನಿಮ್ಮ ಹಳೇ ಡಾಕ್ಟರನ್ನು ಬಿಡಬೇಡಿ, ಆ ಅಧ್ಯಯನ ಹೇಳಿದ್ದು ಒಟ್ಟಾರೆ ಲೆಕ್ಕ. ಓದುತ್ತಲೇ ಇರುವ ಹಿರಿಯರು ಎಷ್ಟೋ ಜನ ಇದ್ದಾರೆ.

ಒಬ್ಬರದಲ್ಲ, ಒಂದು ಸೀಮೆಯ ಅನುಭವವೇ ಕೈಕೊಡುವುದೂ ಉಂಟು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ನೋಡಿ, ನಮ್ಮ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಇಲ್ಲ. ಎಂಬತ್ತು ವರ್ಷದ ಅಜ್ಜನನ್ನು ಕೇಳಿದರೂ ‘ಅದು ತುಂಬಲ್ಲ ಬಿಡಪ್ಪ’ ಅನ್ನುತ್ತಿದ್ದ. ಆ ಅಜ್ಜನ ಮಾತಿಗೆ ಅವನ ಇಡೀ ಬದುಕೇ ಸಾಕ್ಷಿ. ಆದರೆ ಅಷ್ಟರಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಅಲ್ಲಿಗೆ ಬರತೊಡಗಿತ್ತು. ಅದರ ಮೇಲೆ ಜೋರು ಮಳೆ. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ, ಕೋಡಿ ಬಿತ್ತು. ಜನ ಬಾಗಿನ ಬಿಟ್ಟು ಸಂಭ್ರಮಪಟ್ಟರು. ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ತೋಟ ಹೊಲಗಳಿಗೆ ನೀರು ನುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಜ್ಜ ಸುಳ್ಳು ಹೇಳಿರಲಿಲ್ಲ. ಅವನು ಕಂಡ ಕಾಲದಲ್ಲಿ ಆ ಕೆರೆಗೆ ವೇದಾವತಿಯ ನೀರು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅನುಭವಸ್ಥರು ಗಟ್ಟಿಯಾಗಿ ಏನಾದರೂ ಹೇಳಿದಾಗ ನಾನು ಈಗ ಕೇಳುವುದು ಒಂದೇ: ನೀವು ಕಂಡಾಗ ಇದ್ದದ್ದೆಲ್ಲ ಈಗಲೂ ಹಾಗೇ ಇದೆಯಾ?

ಮಾತು ಶುರುವಾಗುವ ಮೊದಲೇ ಇಲ್ಲಿ ಒಬ್ಬ ತಮ್ಮ ಕೇಳಿದ, ‘ಈಗ ಎಲ್ಲದಕ್ಕೂ ಮೀಟರ್ ಇದೆ, ಮೊಬೈಲ್ ಇದೆ, ಅನುಭವ ಯಾಕೆ ಬೇಕು ಸಾರ್?’ ಅಂತ. ಒಳ್ಳೆಯ ಪ್ರಶ್ನೆ. ಎಪಿಎಂಸಿ ಯಾರ್ಡ್‌ಗೆ ಹೋಗಿ ಉತ್ತರ ಹುಡುಕೋಣ. ಮೊದಲೆಲ್ಲ ಖರೀದಿದಾರರು ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ, ನಾಲ್ಕು ಕಾಳು ಕಚ್ಚಿ ಮೆಕ್ಕೆಜೋಳದ ತೇವಾಂಶ ಹೇಳುತ್ತಿದ್ದರು. ಈಗ ತೇವಾಂಶದ ಮೀಟರ್ ಬಂದಿದೆ. ಸರ್ಕಾರದ ಬೆಂಬಲ ಬೆಲೆ ಖರೀದಿಗೆ 14 ಪರ್ಸೆಂಟ್ ಮಿತಿ. ಅದಕ್ಕಿಂತ ಹೆಚ್ಚಿದ್ದರೆ ವಾಪಸ್. ಮೀಟರ್ ಬಂದದ್ದು ರೈತನಿಗೆ ಒಳ್ಳೆಯದೇ ಆಯಿತು. ಯಾರದೋ ಹಲ್ಲಿನ ಮಾತಿಗೆ ದರ ಕಳೆದುಕೊಳ್ಳುವುದು ತಪ್ಪಿತು.

ಕಲಿಯುವವರಿಗೂ ಒಳ್ಳೆಯದಾಯಿತು. ಮೊದಲು ಕೈ ಹಾಕಿ, ಕಚ್ಚಿ, ಒಂದು ಅಂಕಿ ಹೇಳಿ, ಆಮೇಲೆ ಮೀಟರಿಗೆ ಹಾಕಿದರೆ ಭಟ್ಟಿಯ ಹಾಗೆ ಅಲ್ಲೇ ಉತ್ತರ ಸಿಗುತ್ತದೆ. ಒಂದು ಸೀಸನ್ ಹೀಗೆ ಮಾಡಿದ ಹುಡುಗ ಹಳೆಯ ಖರೀದಿದಾರರನ್ನೂ ಹಿಂದೆ ಹಾಕಬಹುದು. ನೇರ ಮೀಟರನ್ನೇ ನೋಡುವ ಹುಡುಗನಿಗೆ ಆ ಸೀಸನ್‌ನಿಂದ ಸಿಗುವುದು ಸಂಬಳ ಮಾತ್ರ.

ಇನ್ನೊಂದು ವಿಷಯ ಇದೆ. ಮೀಟರ್ ಹೇಳುವುದು ಅದರೊಳಗೆ ಹಾಕಿದ ಒಂದು ಹಿಡಿ ಕಾಳಿನ ತೇವಾಂಶ. ಯಾವ ಹಿಡಿ ಹಾಕಬೇಕು ಅಂತ ಅದು ಹೇಳುವುದಿಲ್ಲ. ಒಂದೇ ಲಾರಿಯಲ್ಲಿ ಮೇಲಿನ ಚೀಲ 13 ತೋರಿಸಿ, ತಳದ ಚೀಲ 18 ತೋರಿಸಬಹುದು. ಹಳೆಯ ಹಮಾಲರೊಬ್ಬರು ಈ ಕೆಲಸ ಮಾಡುವುದನ್ನು ನೋಡಬೇಕು. ಲಾರಿ ಬಂದು ನಿಂತ ಕೂಡಲೇ ಮೀಟರಿನ ಕಡೆ ತಿರುಗುವುದಿಲ್ಲ. ಟಾರ್ಪಲ್ ಸುತ್ತ ಒಂದು ಸಲ ನೋಡುತ್ತಾರೆ. ‘ಎಲ್ಲಿ ಒಣಗಿಸಿದ್ರಿ, ಕಣದಲ್ಲಾ, ರೋಡಲ್ಲಾ?’ ಅಂತ ರೈತನನ್ನು ಕೇಳುತ್ತಾರೆ. ‘ರಾತ್ರಿ ನಿಮ್ಮ ಕಡೆ ಹನಿ ಬಿತ್ತಾ?’ ಅಂತಾರೆ. ಆಮೇಲೆ ಹಿಂದಿನ ಎಡಮೂಲೆಯ ಎರಡನೇ ಸಾಲಿನ ಚೀಲ ಇಳಿಸಿ ಅಂತ ಕೈ ತೋರಿಸುತ್ತಾರೆ. ಮೀಟರಿಗೆ ಹೋಗುವುದು ಆ ಚೀಲದ ಕಾಳು.